ತಿಪ್ಪೆಯ ಹುಳು, ಕೋಳಿಯ ಕೂಳು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಅಮರಗೋಳದಲ್ಲಿರುವ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿಯೂ, ಹುಬ್ಬಳ್ಳಿಯ ಜನತಾ ಬಜಾರದಲ್ಲಿಯೂ, ದುರ್ಗದ ಬೈಲಿನ ಸುತ್ತಣ ಓಣಿಗಳಲ್ಲಿಯೂ ದಿನದ ವ್ಯಾಪಾರ ಮುಗಿಯುವ ಹೊತ್ತಿಗೆ ಬಾಡಿದ ಮೆಂತೆಯ ತಪ್ಪಲು, ಒಡೆದ ಟೊಮ್ಯಾಟೊ, ಹುಳುಕು ಬದನೆ, ಕಪ್ಪಿಟ್ಟ ಬಾಳೆಹಣ್ಣು ಇವುಗಳ ರಾಶಿ ಉಳಿದೇ ಉಳಿಯುತ್ತದೆ. ಖಾನಾವಳಿಗಳ ಎಂಜಲು ರೊಟ್ಟಿ-ಅನ್ನಗಳೂ, ಮನೆಮನೆಯ ಅಡುಗೆಕೋಣೆಯ ಸಿಪ್ಪೆ-ತೊಟ್ಟುಗಳೂ ಅದರೊಡನೆ ಕೂಡಿಕೊಳ್ಳುತ್ತವೆ. 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟ ಈ ಅವಳಿನಗರದ ಜನಸಂಖ್ಯೆಯು 2011ರ ಜನಗಣತಿಯ ವೇಳೆಗೇ 9 ಲಕ್ಷ 40 ಸಾವಿರವನ್ನು ದಾಟಿದ್ದುದನ್ನು ನೆನೆದರೆ, ಪ್ರತಿದಿನವೂ ಇಲ್ಲಿ ಹೊರಬೀಳುವ ಹಸಿ ಕಸವು ಎಷ್ಟಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಣ ಕಸದೊಡನೆ ಬೆರೆತು ಊರಾಚೆಯ ರಾಶಿಯನ್ನು ಸೇರಿದಾಗ ಈ ಪದಾರ್ಥವು ಗಾಳಿಯಾಡದೆ ಕೊಳೆತು, ಮೀಥೇನ್ ಅನಿಲವನ್ನು ಹೊರಸೂಸುತ್ತ, ದುರ್ಗಂಧಕ್ಕೂ ಒಮ್ಮೊಮ್ಮೆ ಬೆಂಕಿಗೂ ಕಾರಣವಾಗುವುದು; ಬೆರೆಯದೆ ಉಳಿದಲ್ಲಿಯಾದರೋ ಅದೇ ಪದಾರ್ಥವು ಎರಡು ವಾರಗಳೊಳಗಾಗಿ ಕೋಳಿಗೂ ಮೀನಿಗೂ ಪುಷ್ಟಿಕರವಾದ ಆಹಾರವಾಗಿ ಪರಿಣಮಿಸಬಲ್ಲದು. ಈ ಪರಿವರ್ತನೆಯನ್ನು ಸಾಧಿಸುವ ಕೀಟವೊಂದರ ಸ್ವರೂಪವನ್ನೂ, ಅದನ್ನು ಸಾಕುವ ಕ್ರಮವನ್ನೂ, ಅದರಿಂದ ನಮ್ಮ ಸೀಮೆಗೆ ಒದಗಬಹುದಾದ ಪ್ರಯೋಜನವನ್ನೂ ಇಲ್ಲಿ ವಿಚಾರಿಸೋಣ.

ಹಳ್ಳಿಯ ಬಾಳಿನಲ್ಲಿ ಈ ಕಾರ್ಯವು ತೀರ ಹೊಸತೇನಲ್ಲ. ಮನೆಯ ಹಿಂಭಾಗದ ತಿಪ್ಪೆಯನ್ನು ಜವಾರಿ ಕೋಳಿಯು ತನ್ನ ಮರಿಗಳೊಡನೆ ಕೆದರಿ ಕೆದರಿ, ಒಳಗಿನ ಹುಳುಗಳನ್ನು ಹೆಕ್ಕಿ ತಿನ್ನುವುದನ್ನು ನೋಡದ ಗ್ರಾಮಸ್ಥನಿಲ್ಲ. ಒಕ್ಕಲಿಗನು ಬೀರಿದ ಹಿಡಿ ಜೋಳದಿಂದ ಕೋಳಿಗೆ ಮೈಶಾಖ ದೊರೆತರೆ, ಮಾಂಸವನ್ನು ಕಟ್ಟುವುದಕ್ಕೂ ತತ್ತಿಯನ್ನು ತುಂಬುವುದಕ್ಕೂ ಬೇಕಾದ ಪ್ರೋಟೀನು, ಅಂದರೆ ಹಿಂದಿನವರು ಸಸಾರಜನಕವೆಂದು ಬರೆಯುತ್ತಿದ್ದ ಸತ್ತ್ವವು, ಬಹುಮಟ್ಟಿಗೆ ಈ ಹುಳುಗಳಿಂದಲೇ ಬರುತ್ತಿದ್ದಿತು. ಆದರೆ ತಿಪ್ಪೆಯೊಳಗೆ ಬೆಳೆಯುವ ಹುಳು ಯಾವ ಕೀಟದ್ದೆಂಬ ನಿಶ್ಚಯವಿರುವುದಿಲ್ಲ. ರೋಗವನ್ನು ಹೊತ್ತು ತಿರುಗುವ ಮನೆನೊಣದ ಹುಳುವೂ ಅಲ್ಲಿರಬಹುದು, ಗೊಬ್ಬರದೊಡನೆ ಹೊಲಕ್ಕೆ ಸಾಗಿ ಬೆಳೆಯ ಬೇರನ್ನು ಕಡಿಯುವ ಗೊಣ್ಣೆಹುಳುವೂ ಇರಬಹುದು. ಅವೆಲ್ಲವುಗಳೊಳಗಿಂದ ನಿರುಪದ್ರವಿಯೂ ಶೀಘ್ರವರ್ಧಿಯೂ ಆದ ಒಂದನ್ನೇ ಆಯ್ದು, ಅದಕ್ಕೆ ತಕ್ಕ ಆಶ್ರಯವನ್ನೂ ಆಹಾರವನ್ನೂ ಒದಗಿಸಿ, ಹದವರಿತು ಕೊಯ್ಲು ಮಾಡುವ ವ್ಯವಸ್ಥಿತ ಉದ್ಯೋಗವೇ ಇಂದಿನ ಹುಳುಸಾಕಣೆ. ಹಾಗೆ ಆಯ್ಕೆಯಾದ ಕೀಟವು ಕಪ್ಪು ಸೈನಿಕ ನೊಣ. ಇಂಗ್ಲಿಷಿನಲ್ಲಿ ಬ್ಲ್ಯಾಕ್ ಸೋಲ್ಜರ್ ಫ್ಲೈ, ಸಾಕಣೆದಾರರ ಬಾಯಲ್ಲಿ ಬಿ.ಎಸ್.ಎಫ್.

ಹರ್ಮೀಷಿಯಾ ಇಲ್ಯೂಸೆನ್ಸ್ ಎಂಬುದು ಈ ನೊಣದ ಶಾಸ್ತ್ರೀಯ ನಾಮಧೇಯ. ಸ್ವೀಡನ್ ದೇಶದ ಲಿನೀಯಸನು 1758ರಲ್ಲಿಯೇ ಇದನ್ನು ವರ್ಣಿಸಿದ್ದನು. ಅಮೆರಿಕ ಖಂಡದ ಉಷ್ಣಪ್ರದೇಶಗಳು ಇದರ ತವರಾದರೂ, ಮನುಷ್ಯನ ಸರಕು-ಸಾಗಾಟದ ಬೆನ್ನುಹತ್ತಿ ಭೂಮಂಡಲದ ಬೆಚ್ಚನೆಯ ನಾಡುಗಳಲ್ಲೆಲ್ಲ ಪಸರಿಸಿ, ನಮ್ಮ ದೇಶದಲ್ಲಿಯೂ ಬಹುಕಾಲದಿಂದ ನೆಲೆಯೂರಿದೆ. ಮನೆಯ ಕಾಂಪೋಸ್ಟ್ ಡಬ್ಬಿಯ ಮುಚ್ಚಳವನ್ನು ತೆಗೆದಾಗ ಬೂದುಬಣ್ಣದ ದಪ್ಪ ಹುಳುಗಳು ಮಿಜಿಮಿಜಿಗುಟ್ಟುವುದನ್ನು ಕಂಡು, ಗೊಬ್ಬರ ಕೆಟ್ಟಿತೆಂದು ಗಾಬರಿಯಾಗಿ ಅದನ್ನು ಹೊರಗೆ ಚೆಲ್ಲುವವರುಂಟು. ಅನೇಕ ವೇಳೆ ಅವು ಇದೇ ನೊಣದ ಮರಿಗಳಾಗಿರುತ್ತವೆ. ಮನೆನೊಣದ ಮರಿಯು ಮೆತ್ತಗೆ, ದುಂಡಗೆ, ತಲೆಯ ಕಡೆಗೆ ಸೂಜಿಯಂತೆ ಚೂಪಾಗಿರುವುದು. ಸೈನಿಕ ನೊಣದ ಮರಿಯಾದರೋ ಚಪ್ಪಟೆಯಾಗಿ, ಒಂದರ ಮೇಲೊಂದು ಹೊಂದಿಸಿದ ಪಟ್ಟಿಗಳಂತೆ ಖಂಡಖಂಡವಾಗಿ ಗಡುಸಾದ ತೊಗಲನ್ನು ಹೊದ್ದು, ಪೂರ್ಣ ಬೆಳೆದಾಗ ಒಂದು ಅಂಗುಲದಷ್ಟು ಉದ್ದವಿರುವುದು. ಪ್ರೌಢಾವಸ್ಥೆಯ ನೊಣವು ಕಣಜದ ಹುಳುವನ್ನು ಹೋಲುವ ಕಪ್ಪು ಮೈಯುಳ್ಳದ್ದು. ಅದರ ಸೊಂಟದ ಬಳಿಯಲ್ಲಿ ಬೆಳಕು ಹಾಯುವ ಎರಡು ಪಾರದರ್ಶಕ ಕಿಂಡಿಗಳಿರುತ್ತವೆ, ಕಾಲ ತುದಿಗಳು ಬೆಳ್ಳಗಿರುತ್ತವೆ, ಕುಟುಕುವ ಮುಳ್ಳು ಮಾತ್ರ ಇರುವುದಿಲ್ಲ.

ಈ ಪ್ರೌಢ ನೊಣದ ಒಂದು ವೈಶಿಷ್ಟ್ಯವು ನಮ್ಮ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದು. ಹುಳುವಾಗಿದ್ದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದ ಮೇಲೆಯೇ ಅದು ಬದುಕುವುದು. ನೀರನ್ನು ಹೀರುವುದಲ್ಲದೆ ಆಹಾರವನ್ನು ಅರಸಿಕೊಂಡು ಹೋಗುವುದಿಲ್ಲ. ಆದುದರಿಂದ ಊಟದ ತಟ್ಟೆಯ ಮೇಲಾಗಲಿ ಮಿಠಾಯಿ ಅಂಗಡಿಯ ಪೇಡೆಯ ಮೇಲಾಗಲಿ ಬಂದು ಕುಳಿತು, ರೋಗಾಣುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಸ್ವಭಾವ ಅದಕ್ಕಿಲ್ಲ. ಅಷ್ಟೇ ಅಲ್ಲದೆ, ಇದರ ಮರಿಗಳು ದಟ್ಟವಾಗಿ ಬೆಳೆಯುತ್ತಿರುವ ಕಸದಲ್ಲಿ ಮನೆನೊಣದ ಸಂತತಿ ಏಳಿಗೆ ಹೊಂದಲಾರದೆಂಬುದನ್ನು ಅಮೆರಿಕದ ಕೀಟಶಾಸ್ತ್ರಜ್ಞರು 1959ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಪ್ರೌಢ ನೊಣದ ಆಯುಷ್ಯವು ಒಂದೆರಡು ವಾರಗಳಿಗೆ ಮೀರದು. ಆ ಅಲ್ಪಾವಧಿಯಲ್ಲಿ ಕೂಡುವುದು, ತತ್ತಿಯಿಡುವುದು, ಸಾಯುವುದು ಇಷ್ಟೇ ಅದರ ಕರ್ತವ್ಯ. ಹೆಣ್ಣು ನೊಣವು ಕೊಳೆಯುವ ಪದಾರ್ಥದ ಮೇಲೆಯೇ ತತ್ತಿಯಿಡದೆ, ಅದರ ಸಮೀಪದ ಒಣಗಿದ ಸಂದನ್ನು ಹುಡುಕಿ, ತನ್ನ ತತ್ತಿನಳಿಗೆಯನ್ನು ಅದರೊಳಕ್ಕೆ ಚಾಚಿ, 500ರಿಂದ 900ರವರೆಗಿನ ತತ್ತಿಗಳನ್ನು ಒಂದೇ ಗೊಂಚಲಾಗಿ ಇಡುತ್ತದೆ. ಕೆನೆಬಣ್ಣದ ಈ ತತ್ತಿಗಳು ಎಷ್ಟು ಸೂಕ್ಷ್ಮವೆಂದರೆ ಒಂದು ಗ್ರಾಂ ತೂಕಕ್ಕೆ 30ರಿಂದ 40 ಸಾವಿರ ಬೇಕಾಗುವುವು. ನಾಲ್ಕನೆಯ ದಿನಕ್ಕೆ ತತ್ತಿಯೊಡೆದು ಹೊರಬರುವ ಮರಿಯು ಕೆಳಗಿನ ಆಹಾರದೊಳಕ್ಕೆ ಬಿದ್ದು, ಎರಡು-ಮೂರು ವಾರಗಳ ಕಾಲ ಹಗಲು ರಾತ್ರಿಯೆನ್ನದೆ ಉಣ್ಣುತ್ತ, ಪೊರೆ ಕಳಚುತ್ತ ಬೆಳೆಯುತ್ತದೆ. ಬೆಳವಣಿಗೆ ಮುಗಿದೊಡನೆ ಅದರ ನಡೆವಳಿ ಸಂಪೂರ್ಣವಾಗಿ ಬದಲಾಗುವುದು. ಅದು ಉಣ್ಣುವುದನ್ನು ನಿಲ್ಲಿಸಿ ಹೊಟ್ಟೆಯನ್ನು ಬರಿದು ಮಾಡಿಕೊಳ್ಳುತ್ತದೆ, ಮೈಬಣ್ಣವು ಕಡುಗಂದಾಗಿ ಕಪ್ಪಿಗೆ ತಿರುಗುತ್ತದೆ, ಅಗಿಯಲು ಬಳಸುತ್ತಿದ್ದ ಬಾಯಿಯು ಕೊಕ್ಕೆಯ ಆಕಾರವನ್ನು ತಳೆಯುತ್ತದೆ. ಆ ಕೊಕ್ಕೆಯನ್ನೂರಿ ಮೈಯನ್ನು ಮುಂದಕ್ಕೆಳೆದುಕೊಳ್ಳುತ್ತ, ಹಸಿಯಿಂದ ಒಣಗಿದ ಕಡೆಗೆ, ಬೆಳಕಿನಿಂದ ಕತ್ತಲೆಯ ಕಡೆಗೆ ಹತ್ತಿಕೊಂಡು ಹೋಗಿ ಕೋಶಾವಸ್ಥೆಯನ್ನು ಸೇರುತ್ತದೆ. ಸುಮಾರು ಎರಡು ವಾರಗಳ ತರುವಾಯ ಕೋಶವನ್ನೊಡೆದು ಹೊಸ ನೊಣ ಹಾರುವುದು. ಬೆಚ್ಚನೆಯ ಹವೆಯಲ್ಲಿ ತತ್ತಿಯಿಂದ ತತ್ತಿಯವರೆಗಿನ ಈ ಚಕ್ರವು ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ.

ಸಾಕಣೆಯ ಕ್ರಮವು ಈ ಸಹಜ ಚಕ್ರವನ್ನೇ ಅನುಸರಿಸುವಂಥದು. ಸೊಳ್ಳೆಪರದೆಯ ಬಟ್ಟೆಯಿಂದ ಮಾಡಿದ ಪಂಜರವೊಂದನ್ನು ಬಿಸಿಲು ಬೀಳುವೆಡೆಯಲ್ಲಿ ತೂಗುಹಾಕಿ ನೊಣಗಳನ್ನು ಅದರೊಳಗೆ ಬಿಡುವುದು ಮೊದಲನೆಯ ಕೆಲಸ. ಏಕೆಂದರೆ ಬೆಳಕಿಲ್ಲದೆ ಇವು ಕೂಡುವುದಿಲ್ಲ. ಪಂಜರದ ತಳದಲ್ಲಿ ಹುಳಿತ ಹಣ್ಣು-ಸಿಪ್ಪೆಗಳನ್ನು ತುಂಬಿದ ಡಬ್ಬಿಯನ್ನಿಟ್ಟು, ನಡುವೆ ಒಂದೆರಡು ಮಿಲಿಮೀಟರಿನಷ್ಟು ಸಂದು ಉಳಿಯುವಂತೆ ಜೋಡಿಸಿ ಕಟ್ಟಿದ ತೆಳುವಾದ ಮರದ ಪಟ್ಟಿಗಳನ್ನು ಅದರ ಮೇಲೆ ಇಡುತ್ತಾರೆ. ವಾಸನೆಗೆ ಆಕರ್ಷಿತವಾಗಿ ಬಂದ ಹೆಣ್ಣು ನೊಣವು ಆ ಸಂದುಗಳಲ್ಲಿ ತತ್ತಿಗಳನ್ನಿಡುತ್ತದೆ. ಪಟ್ಟಿಗಳನ್ನು ಬಿಡಿಸಿ ಚಾಕುವಿನ ಅಲಗಿನಿಂದ ಮೆಲ್ಲನೆ ಕೆರೆದರೆ ತತ್ತಿಗಳು ಒಟ್ಟಾಗಿ ದೊರೆಯುತ್ತವೆ. ಅವುಗಳನ್ನು ತೂಗಿ, ನೆನೆಸಿದ ಗೋಧಿ ಬೂಸಾ ಇಲ್ಲವೆ ಕೋಳಿಮರಿಯ ಆಹಾರದ ಮೇಲೆ ಜಾಲರಿಯಲ್ಲಿಟ್ಟು, ಹೊರಬಂದ ಮರಿಗಳನ್ನು ಐದು ದಿನಗಳವರೆಗೆ ಎಳೆಗೂಸಿನಂತೆ ಜೋಪಾನ ಮಾಡಿ, ಅನಂತರ ಕಸದ ಕ್ರೇಟಿಗೆ ಬಿಡುವುದು ವಾಡಿಕೆ.

ಇಂಡೊನೇಷ್ಯದಲ್ಲಿ ಹಲವು ವರ್ಷ ಪ್ರಯೋಗ ನಡೆಸಿದ ಸ್ವಿಟ್ಜರ್‌ಲೆಂಡಿನ ಈವಾಗ್ ಎಂಬ ಜಲಸಂಶೋಧನಾ ಸಂಸ್ಥೆಯು 2017ರಲ್ಲಿ ಹೊರತಂದ ಕೈಪಿಡಿಯು ಈ ಉದ್ಯೋಗದವರಿಗೆ ಇಂದಿಗೂ ಮಾರ್ಗದರ್ಶಕವಾಗಿದೆ. ಅದರ ಲೆಕ್ಕದಂತೆ 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಕ್ರೇಟೊಂದಕ್ಕೆ ಐದು ದಿನದ 10,000 ಮರಿಗಳನ್ನು ಬಿಟ್ಟು, 12 ದಿನಗಳ ಅವಧಿಯಲ್ಲಿ ಒಟ್ಟು 15 ಕಿಲೋ ಹಸಿ ಕಸವನ್ನು ಮೂರು ಕಂತಿನಲ್ಲಿ ಉಣಿಸಬೇಕು. ಈ 10,000 ಮರಿಗಳೆಂದರೆ ಹದಿನೈದಿಪ್ಪತ್ತು ಹೆಣ್ಣು ನೊಣಗಳ ಸಂತಾನವಷ್ಟೆ. ಅವಧಿ ಮುಗಿದಾಗ ಕ್ರೇಟಿನಲ್ಲಿ ಎರಡರಿಂದ ಮೂರು ಕಿಲೋ ಹುಳುವೂ, ಐದು ಕಿಲೋದಷ್ಟು ಪುಡಿಪುಡಿಯಾದ ಹಿಕ್ಕೆಯೂ ಉಳಿದಿರುತ್ತವೆ; ಮಿಕ್ಕದ್ದು ನೀರಾವಿಯಾಗಿಯೂ ಹುಳುಗಳ ಉಸಿರಾಗಿಯೂ ಹೋಗಿರುತ್ತದೆ. ಜರಡಿಯಲ್ಲಿ ಹಾಕಿ ಅಲುಗಾಡಿಸಿದರೆ ಹಿಕ್ಕೆ ಕೆಳಗಿಳಿದು ಹುಳು ಮೇಲೆ ನಿಲ್ಲುವುದು. ಜರಡಿಯ ಗೋಜೇ ಬೇಡವೆನ್ನುವವರು ತೊಟ್ಟಿಯ ಅಂಚಿಗೆ ಇಳಿಜಾರಾದ ಹಲಗೆಯೊಂದನ್ನು ಹೊಂದಿಸಿ ಅದರ ತುದಿಗೆ ಬಕೆಟ್ಟನ್ನು ಕಟ್ಟಿದರೆ, ಪಕ್ವವಾದ ಹುಳುಗಳು ಮೇಲೆ ಹೇಳಿದ ತಮ್ಮ ಸ್ವಭಾವಕ್ಕನುಸಾರವಾಗಿ ರಾತ್ರಿ ತಾವಾಗಿಯೇ ಹಲಗೆಯನ್ನೇರಿ ಬಕೆಟ್ಟಿನೊಳಕ್ಕೆ ಬೀಳುತ್ತವೆ.

ಉಳಿದ ಹಿಕ್ಕೆಯು ಪೂರ್ಣವಾಗಿ ಕಳಿತ ಗೊಬ್ಬರವಲ್ಲವಾದುದರಿಂದ ಅದನ್ನು ನೇರವಾಗಿ ಸಸಿಯ ಬುಡಕ್ಕೆ ಹಾಕದೆ ಕೆಲವು ವಾರ ಕಳಿಯಲು ಬಿಡಬೇಕು, ಇಲ್ಲವೆ ಎರೆಹುಳುವಿನ ತೊಟ್ಟಿಗೆ ಸಾಗಿಸಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರು ನಡೆಸಿದ ಸಂಶೋಧನೆಯ ಫಲವಾಗಿ ಎರೆಗೊಬ್ಬರವು ನಮ್ಮ ರೈತರಿಗೆ ಸುಪರಿಚಿತವಾಗಿದೆ. ಈ ಎರಡು ಜೀವಿಗಳಿಗೆ ಪರಸ್ಪರ ಸ್ಪರ್ಧೆಯೇನೂ ಇಲ್ಲ. ನೀರೂ ಪಿಷ್ಟವೂ ತುಂಬಿದ ಅನ್ನ, ಹಣ್ಣು, ಕಾಯಿಪಲ್ಯೆಗಳು ನೊಣದ ಹುಳುವಿಗೆ ಪ್ರಿಯ. ನಾರೇ ಪ್ರಧಾನವಾದ ಜೋಳದ ದಂಟು, ಕಬ್ಬಿನ ರವದೆ, ಒಣ ಎಲೆಗಳನ್ನು ಅದು ಅರಗಿಸಲಾರದು, ಕಾಲಾಂತರದಲ್ಲಿ ಎರೆಹುಳು ಅರಗಿಸಬಲ್ಲದು.

ಇನ್ನು ಆಹಾರದ ಮೌಲ್ಯದ ವಿಚಾರ. ಒಣಗಿಸಿದ ಹುಳುವಿನ ತೂಕದಲ್ಲಿ ಶೇಕಡಾ 40ರಷ್ಟು ಪ್ರೋಟೀನೂ 30ರಷ್ಟು ಕೊಬ್ಬೂ ಇರುವುವು. ತಿಂದ ಕಸಕ್ಕೆ ತಕ್ಕಂತೆ ಈ ಪ್ರಮಾಣವು ಹೆಚ್ಚುಕಡಿಮೆಯಾಗುವುದುಂಟು. ಕೊಬ್ಬಿನ ಗಣನೀಯ ಭಾಗವು ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲವೇ ಆಗಿದೆ. ತತ್ತಿಯ ತೊಗಟೆಗೆ ಅವಶ್ಯವಾದ ಸುಣ್ಣದಂಶವೂ ಇದರಲ್ಲಿ ಧಾರಾಳವಾಗಿದೆ. ಒಂದು ಟನ್ ಹಸಿ ಕಸದಿಂದ ಸುಮಾರು 200 ಕಿಲೋ ಜೀವಂತ ಹುಳು ದೊರೆಯುವುದೆಂದು ಎಣಿಸಿದರೆ, ಒಣಗಿಸಿದ ಬಳಿಕ 60-70 ಕಿಲೋ ಉಳಿಯುವುದು. ಸಣ್ಣ ಹಿಡುವಳಿದಾರನಿಗೆ ಒಣಗಿಸುವ ತೊಂದರೆಯೂ ಬೇಕಿಲ್ಲ. ಅವನು ದಿನಕ್ಕೊಂದರಂತೆ ಕ್ರೇಟು ಹೂಡುತ್ತ ಹೋದರೆ 13 ಕ್ರೇಟುಗಳ ಸರತಿಯು ನಡೆದುಕೊಂಡು ಹೋಗುವುದು. ಒಂದು ಖಾನಾವಳಿಯು ಕೊಡಬಲ್ಲ 15 ಕಿಲೋ ಹಸಿ ಕಸದಿಂದ ನೂರು ಜವಾರಿ ಕೋಳಿಗಳಿಗೆ ತಲಾ 20 ಗ್ರಾಮಿಗೆ ಕಡಿಮೆಯಿಲ್ಲದಂತೆ ಹುಳು ದಿನವೂ ದೊರಕುವುದು. ಕಾಳು, ತೌಡು, ಹಸಿರು ಎಂದಿನಂತೆ ಬೇಕೇ ಬೇಕು. ಹುಳುವು ಅವುಗಳ ಸ್ಥಾನವನ್ನು ಆಕ್ರಮಿಸದೆ, ದುಬಾರಿಯಾದ ಹಿಂಡಿಯ ಒಂದಂಶವನ್ನು ಉಳಿಸಿಕೊಡುತ್ತದೆ.

ಈ ಉಳಿತಾಯದ ಮಹತ್ತ್ವವು ಕೋಳಿ ಸಾಕುವವರಿಗೆ ಚೆನ್ನಾಗಿ ಗೊತ್ತು. ಸಾಕಣೆಯ ಖರ್ಚಿನಲ್ಲಿ ಸಿಂಹಪಾಲು ಆಹಾರದ್ದು. ಆ ಆಹಾರದ ಮುಖ್ಯಾಂಶಗಳು ಗೋವಿನಜೋಳ ಮತ್ತು ಸೋಯಾ ಹಿಂಡಿ. ಧಾರವಾಡ, ಬೆಳಗಾವಿ, ಬೀದರ ಜಿಲ್ಲೆಗಳು ಕರ್ನಾಟಕದ ಸೋಯಾ ಬೆಳೆಯ ನೆಲೆಗಳಾಗಿದ್ದರೂ, ಬೆಲೆಯು ದೇಶದ ಒಟ್ಟು ಇಳುವರಿಯನ್ನೂ ಪರದೇಶದ ಪೇಟೆಯನ್ನೂ ಅವಲಂಬಿಸಿ ಏರಿಳಿಯುತ್ತದೆ. 2021ರಲ್ಲಿ ಸೋಯಾ ಹಿಂಡಿಯ ಧಾರಣೆ ಮುಗಿಲಿಗೇರಿದಾಗ, ಕುಲಾಂತರಿ ಸೋಯಾದಿಂದ ತಯಾರಾದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಕೇಂದ್ರ ಸರ್ಕಾರವು ಅನುಮತಿ ನೀಡಬೇಕಾಗಿ ಬಂದಿತು. ಮೀನು ಸಾಕಣೆಯ ಪಾಡೂ ಇದಕ್ಕೆ ಭಿನ್ನವಲ್ಲ. ಉಳ್ಳಾಲ ಮೊದಲಾದ ಕರಾವಳಿಯ ಕಾರ್ಖಾನೆಗಳಲ್ಲಿ ಬೂತಾಯಿಯಂತಹ ಸಣ್ಣ ಮೀನುಗಳನ್ನು ಒಣಗಿಸಿ ಪುಡಿ ಮಾಡಿ ಸಾಕುಮೀನುಗಳಿಗೆ ಉಣಿಸಲಾಗುತ್ತದೆ. ಬಡವರ ಊಟದ ಮೀನು ಹೀಗೆ ಮೀನಿನ ಹೊಟ್ಟೆಗೇ ಹೋಗುವುದು. ಕಡಲಿನ ಸಂಪತ್ತಾಗಲಿ ಹೊಲದ ಸಂಪತ್ತಾಗಲಿ ವ್ಯಯವಾಗದೆ, ಬಿಸಾಡಿದ ಪದಾರ್ಥದಿಂದಲೇ ಪ್ರೋಟೀನನ್ನು ಪಡೆಯುವ ಉಪಾಯಕ್ಕೆ ಆದುದರಿಂದಲೇ ಲೋಕವು ಮನಸೋತಿದೆ.

ಹುಳುವನ್ನು ಒಣಗಿಸಿ ಕೋಳಿಮರಿಗಳಿಗೆ ತಿನ್ನಿಸಿ ನೋಡಿದ ಪ್ರಯೋಗದ ವರದಿ ಅಮೆರಿಕದ ಜಾರ್ಜಿಯ ರಾಜ್ಯದಿಂದ 1973ರಲ್ಲಿಯೇ ಹೊರಬಿದ್ದಿತ್ತು. ಹಂದಿಗಳ ಮೇಲಿನ ಪ್ರಯೋಗದ ವರದಿ 1977ರದು. 1994ರಲ್ಲಿ ಜಾರ್ಜಿಯ ವಿಶ್ವವಿದ್ಯಾಲಯದ ಕ್ರೇಗ್ ಶೆಪರ್ಡ್ ಮತ್ತು ಸಂಗಡಿಗರು ಮೊಟ್ಟೆಕೋಳಿಯ ಪಂಜರದ ಕೆಳಗಿನ ಹಿಕ್ಕೆಯನ್ನೇ ಈ ಹುಳುಗಳಿಂದ ಕರಗಿಸಿ, ಹುಳುಗಳು ತಾವಾಗಿ ಬಂದು ಬೀಳುವ ವ್ಯವಸ್ಥೆಯನ್ನು ನಿರೂಪಿಸಿದರು. ಯುರೋಪಿನ ಒಕ್ಕೂಟವು 2017ರಲ್ಲಿ ಮೀನುಗಳ ಆಹಾರಕ್ಕೂ 2021ರಲ್ಲಿ ಕೋಳಿ ಮತ್ತು ಹಂದಿಗಳ ಆಹಾರಕ್ಕೂ ಕೀಟದ ಪ್ರೋಟೀನನ್ನು ಬೆರೆಸಲು ಸಮ್ಮತಿಯಿತ್ತಿತು. ನಮ್ಮ ರಾಜ್ಯದಲ್ಲಿ ಈ ದಿಸೆಯಲ್ಲಿ ಹೆಸರು ಮಾಡಿದುದು ಬೆಂಗಳೂರಿನ ಲೂಪ್‌ವರ್ಮ್ ಸಂಸ್ಥೆ. ರೂರ್ಕಿಯ ಐ.ಐ.ಟಿ.ಯಲ್ಲಿ ವ್ಯಾಸಂಗ ಮಾಡಿದ ಅಂಕಿತ್ ಅಲೋಕ್ ಬಗಾರಿಯಾ ಮತ್ತು ಅಭಿ ಗಾವ್ರಿ ಎಂಬ ತರುಣರು 2019ರಲ್ಲಿ ಇದನ್ನು ಸ್ಥಾಪಿಸಿದರು; 2022ರಲ್ಲಿ ಹೂಡಿಕೆದಾರರಿಂದ 34 ಲಕ್ಷ ಡಾಲರುಗಳ ಬಂಡವಾಳವು ಅದಕ್ಕೆ ದೊರೆಯಿತು. ಸೈನಿಕ ನೊಣದೊಡನೆ ರೇಷ್ಮೆಹುಳುವನ್ನೂ ಅವರು ಉಪಯೋಗಿಸುತ್ತಿರುವುದು ರೇಷ್ಮೆಯ ನಾಡಾದ ಕರ್ನಾಟಕಕ್ಕೆ ಅನುರೂಪವಾಗಿದೆ. ನೂಲು ತೆಗೆದ ಬಳಿಕ ಉಳಿಯುವ ಕೋಶದೊಳಗಿನ ಹುಳುವನ್ನು ಕೋಳಿ-ಮೀನುಗಳಿಗೆ ಹಾಕುವ ರೂಢಿಯು ಈ ರಾಜ್ಯಕ್ಕೆ ಮೊದಲಿನಿಂದಲೂ ಪರಿಚಿತ.

ಗುಣಗಳನ್ನು ಹೇಳಿದ ಮೇಲೆ ಮಿತಿಗಳನ್ನೂ ಹೇಳಬೇಕಾದುದು ನ್ಯಾಯ. ಹುಳುವು ತಿಂದುದರ ದೋಷವೂ ಅದರ ಮೈಯಲ್ಲಿ ಉಳಿಯುವುದುಂಟು. ವಿಶೇಷವಾಗಿ ಕ್ಯಾಡ್ಮಿಯಂ ಎಂಬ ಭಾರಲೋಹವು ಹುಳುವಿನ ದೇಹದಲ್ಲಿ ಸಂಚಯವಾಗಿ, ಅದನ್ನು ತಿಂದ ಪ್ರಾಣಿಗೆ ದಾಟುತ್ತದೆ. ಬ್ಯಾಟರಿ, ಬಣ್ಣದ ಡಬ್ಬಿ, ಔಷಧದ ಪೊಟ್ಟಣ, ಪ್ಲಾಸ್ಟಿಕ್ ಚೂರುಗಳೊಡನೆ ಕಲಸಿದ ನಗರದ ಕಸವನ್ನು ಹಾಗೆಯೇ ಹುಳುವಿನ ಮುಂದೆ ಸುರಿಯುವುದು ಅದೇ ಕಾರಣದಿಂದ ನಿಷಿದ್ಧ. ಸಗಣಿ, ಮಾಂಸದಂಗಡಿಯ ತ್ಯಾಜ್ಯಗಳ ಮೇಲೆ ಬೆಳೆದ ಹುಳುವನ್ನು ಗೊಬ್ಬರದ ಕೆಲಸಕ್ಕೆ ಬಳಸಬಹುದೇ ಹೊರತು ಪಶುಪಕ್ಷಿಗಳ ಆಹಾರಕ್ಕೆ ಬಳಸಲು ಯುರೋಪಿನ ಕಾನೂನು ಒಪ್ಪುವುದಿಲ್ಲ. ನಮ್ಮಲ್ಲಿಯೂ ಅದೇ ಎಚ್ಚರಿಕೆ ಹಿತಕರ. ಒಣಗಿಸುವ ಮೊದಲು ಹುಳುವನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ರೋಗಾಣುಗಳ ಭಯ ಬಹಳ ಮಟ್ಟಿಗೆ ಕಡಿಮೆಯಾಗುವುದು. ಎಮ್ಮೆ, ಆಕಳು, ಕುರಿಗಳಂತಹ ಮೆಲುಕು ಹಾಕುವ ಪ್ರಾಣಿಗಳಿಗೆ ಇದು ಆಹಾರವಲ್ಲವೆಂಬುದನ್ನೂ ಮರೆಯಬಾರದು. ಶಾಕಾಹಾರದ ಸಂಪ್ರದಾಯವು ಬಲವಾಗಿರುವ ನಮ್ಮ ಸೀಮೆಯಲ್ಲಿ ಲಕ್ಷಾಂತರ ಹುಳುಗಳನ್ನು ಬೆಳೆಸಿ ಕೊಲ್ಲುವ ಕಾರ್ಯವೇ ಒಪ್ಪಿತವಾಗದವರೂ ಇರುವರು. ಅವರಿಗೆ ಎರೆಗೊಬ್ಬರದ ಹಾದಿ ತೆರೆದಿದೆ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ.

ಹವಾಮಾನದ ದೃಷ್ಟಿಯಿಂದ ನಮ್ಮ ಸೀಮೆಯು ಅನುಕೂಲವಾದದ್ದೇ ಆಗಿದೆ. 27ರಿಂದ 30 ಡಿಗ್ರಿಯ ಉಷ್ಣತೆಯು ಹುಳುವಿಗೆ ಅತ್ಯಂತ ಹಿತ. ಶೀತದೇಶಗಳ ಕಾರ್ಖಾನೆಗಳು ಇಂಧನವನ್ನು ಸುಟ್ಟು ಪಡೆಯುವ ಈ ಬೆಚ್ಚನೆಯನ್ನು ಹುಬ್ಬಳ್ಳಿಯ ತಗಡಿನ ಚಾವಣಿಯ ಕೊಟ್ಟಿಗೆಯು ವರ್ಷದ ಬಹುಕಾಲ ಪುಕ್ಕಟೆಯಾಗಿ ಒದಗಿಸುತ್ತದೆ. ಆದರೂ ಎರಡು ಕಾಲಗಳಲ್ಲಿ ವಿಶೇಷ ಜಾಗರೂಕತೆ ಬೇಕು. ಮಲೆನಾಡಿನ ಸೆರಗಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿರುವ ಧಾರವಾಡಕ್ಕೆ ಆಷಾಢ-ಶ್ರಾವಣಗಳಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಆಗ ನೊಣಗಳು ಕೂಡದೆ ತತ್ತಿಯ ಬರ ಬೀಳುವ ಸಂಭವವಿರುವುದರಿಂದ ಪಂಜರಕ್ಕೆ ಪ್ರಖರವಾದ ದೀಪಗಳ ಏರ್ಪಾಡು ಮಾಡಬೇಕಾಗುವುದು. ಇದಕ್ಕೆ ವಿಪರೀತವಾಗಿ ಫಾಲ್ಗುಣ-ಚೈತ್ರಗಳ ಒಣಗಾಳಿಗೆ ತತ್ತಿಗಳು ಬತ್ತಿಹೋಗದಂತೆ ತೊಯ್ದ ಗೋಣಿತಟ್ಟನ್ನು ಸುತ್ತಲೂ ಇಳಿಬಿಡಬೇಕು. ಅಡುಗೆಮನೆಯ ಕಸದಲ್ಲಿ ನೀರು ಹೆಚ್ಚಾಗಿ ಕೆಸರಿನಂತಾದರೆ ಹುಳುಗಳು ಉಸಿರುಕಟ್ಟಿ ಹೊರಗೋಡುತ್ತವೆ. ಬೂಸಾ ಅಥವಾ ಶೇಂಗಾ ಹೊಟ್ಟನ್ನು ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ತೊಟ್ಟಿಕ್ಕುವಷ್ಟು ಹದ ಮಾಡಿಕೊಳ್ಳುವುದು ಇದಕ್ಕೆ ಪರಿಹಾರ. ಹದ ತಪ್ಪಿದ ಕ್ರೇಟಿನಿಂದ ಏಳುವ ನಾತವೇ ನೆರೆಹೊರೆಯವರ ಆಕ್ಷೇಪಕ್ಕೆ ಮೊದಲ ಕಾರಣವಾಗುವುದು.

ಇಷ್ಟೆಲ್ಲವನ್ನೂ ಪರ್ಯಾಲೋಚಿಸಿದಾಗ ಮನಸ್ಸಿಗೆ ಸ್ಪಷ್ಟವಾಗುವ ಸಂಗತಿಯೆಂದರೆ, ಈ ಉದ್ಯೋಗದ ಜಯಾಪಜಯವು ಹುಳುವಿನ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಕಸವನ್ನು ಕೊಡುವವರ ಶಿಸ್ತನ್ನು ಆಶ್ರಯಿಸಿದೆ ಎಂಬುದು. ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಹುಟ್ಟಿದಲ್ಲಿಯೇ ವಿಂಗಡಿಸಬೇಕೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲಿಯೇ ವಿಧಿಸಿದವು. ಆ ವಿಧಿಯು ಇಡೀ ನಗರದಲ್ಲಿ ಪೂರ್ಣವಾಗಿ ನೆಲೆಗೊಳ್ಳುವವರೆಗೂ ಕಾಯಬೇಕಾದ ಕಾರಣವಿಲ್ಲ. ಕಸವು ಸ್ವಭಾವತಃ ಬೇರೆಯಾಗಿಯೇ ದೊರೆಯುವ ಸ್ಥಳಗಳು ಅವಳಿನಗರದಲ್ಲಿ ಬೇಕಾದಷ್ಟಿವೆ. ಅಮರಗೋಳದ ಪ್ರಾಂಗಣ, ಕಾಯಿಪಲ್ಯೆಯ ಸಂತೆಗಳು, ರಾಯಾಪುರದಲ್ಲಿ ಶಾಲೆಯ ಮಕ್ಕಳಿಗಾಗಿ ಬೇಯಿಸುವ ಅಕ್ಷಯಪಾತ್ರೆಯ ಬೃಹತ್ ಅಡುಗೆಮನೆ, ಸಿದ್ಧಾರೂಢ ಮಠದ ದಾಸೋಹ, ಧಾರವಾಡದ ಮುರುಘಾಮಠದ ಪ್ರಸಾದನಿಲಯ, ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯಗಳ ವಸತಿಗೃಹಗಳು ಇವೆಲ್ಲ ಶುದ್ಧವಾದ ಸಿಪ್ಪೆ-ತಪ್ಪಲುಗಳ ಆಕರಗಳು. ಸುತ್ತಲಿನ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳಿಗೆ ಈ ಆಕರಗಳಿಂದ ನಿತ್ಯ ಕಸವು ತಲುಪುವ ವ್ಯವಸ್ಥೆಯಾದರೆ, ಕೋಳಿ ಸಾಕುವವರ ಮನೆಬಾಗಿಲಲ್ಲಿಯೇ ಪ್ರೋಟೀನು ತಯಾರಾಗುವುದು, ಪಾಲಿಕೆಗೆ ಅಷ್ಟರಮಟ್ಟಿಗೆ ಸಾಗಾಟದ ಭಾರವೂ ಇಳಿಯುವುದು.

ಆರಂಭಿಸಬಯಸುವವರು ದೊಡ್ಡ ಬಂಡವಾಳದ ಆಸೆಗೆ ಬೀಳದೆ ನಾಲ್ಕಾರು ಕ್ರೇಟುಗಳಿಂದ ತೊಡಗಿ, ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ದಾಟಿದ ಮೇಲೆ ವಿಸ್ತರಣೆಯ ಯೋಚನೆ ಮಾಡುವುದು ಕ್ಷೇಮ. ಕೃಷಿ ವಿಜ್ಞಾನ ಕೇಂದ್ರ ಹಾಗೂ ಪಶುವೈದ್ಯರ ಸಲಹೆಯನ್ನು ಮೊದಲೇ ಪಡೆಯುವುದು ಇನ್ನೂ ಕ್ಷೇಮ. ಹುಳು ಸಾಕುವ ಇಚ್ಛೆಯಿಲ್ಲದ ಓದುಗರಿಗೂ ಇದರಲ್ಲಿ ಒಂದು ಪಾಲಿದೆ. ಅಡುಗೆಮನೆಯಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿಯನ್ನಿಟ್ಟು, ಬೆಳಗ್ಗೆ ಓಣಿಗೆ ಬರುವ ಪೌರಕಾರ್ಮಿಕರ ಕೈಗೆ ಅವನ್ನು ಬೇರೆಬೇರೆಯಾಗಿಯೇ ಕೊಡುವ ಅಭ್ಯಾಸವನ್ನು ನಾಳೆಯಿಂದಲೇ ಮಾಡಿಕೊಳ್ಳಬೇಕೆಂದು ಅವರಲ್ಲಿ ನಮ್ಮ ವಿನಂತಿ.